ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ

“ಮೇಡಂ, ಏಳನೇ ಬೆಡ್ಡಿಗೆ ಕೌನ್ಸೆಲಿಂಗ್ ಕೊಟ್ಟುಬಿಡ್ರಿ. ಎರಡು ಗಂಟೆಗೆ ಡಿಸ್ಚಾರ್ಜ್ ಅದ.”

ವಾರ್ಡಿನ ಸಿಸ್ಟರ್ ನನ್ನ ಬಾಗಿಲಲ್ಲಿ ನಿಂತು ಹೀಗೆ ಹೇಳಿದಾಗ ಹನ್ನೆರಡೂವರೆ ಆಗಿತ್ತು. 2022ರ ನವೆಂಬರ್ ತಿಂಗಳ ಕೊನೆಯ ಸೋಮವಾರ. ನಾನಾಗ ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ. ಅಲ್ಲಿ ಎಲ್ಲರೂ ಹೇಳುವುದು ಹಾಗೆಯೇ, ಕೌನ್ಸೆಲಿಂಗ್ ‘ಕೊಡುವುದು’. ಇಂಜೆಕ್ಷನ್ ಕೊಡುತ್ತಾರೆ, ಗ್ಲೂಕೋಸ್ ಕೊಡುತ್ತಾರೆ, ಮನೆಗೆ ಕಳಿಸುವ ಮುಂಚೆ ಕೌನ್ಸೆಲಿಂಗ್ ಕೊಡುತ್ತಾರೆ. ಆ ಸಿಸ್ಟರ್ ಮೇಲೆ ನನಗೆ ಬೇಸರವಿಲ್ಲ. ಮೂವತ್ತು ಬೆಡ್ಡಿಗೆ ಅವರೊಬ್ಬರೇ ಇದ್ದರು. ಆದರೂ ಏಳನೇ ಬೆಡ್ಡನ್ನು ನೆನಪಿಟ್ಟು ನನ್ನವರೆಗೆ ನಡೆದು ಬಂದಿದ್ದರು. ಎಷ್ಟೋ ಸಲ ಇಂಥವರು ಬಂದದ್ದೂ ಹೋದದ್ದೂ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಏಳನೇ ಬೆಡ್ಡಿನಲ್ಲಿದ್ದವರು ಮೂರು ದಿನದ ಹಿಂದೆ ವಿಷ ಕುಡಿದು ಬಂದಿದ್ದ ಒಬ್ಬ ರೈತ. ಅವರ ಊರು, ವಯಸ್ಸು, ಮನೆಯ ಕೆಲವು ವಿವರ ಇಲ್ಲಿ ಬದಲಿಸಿದ್ದೇನೆ. ಬರೆಯಲಾ ಎಂದು ಕೇಳಿ, ಅವರು ಹೂಂ ಅಂದ ಮೇಲೆಯೇ ಬರೆಯುತ್ತಿದ್ದೇನೆ.

ನನ್ನ ನೇಮಕ ಆಗಿದ್ದು ಐಸಿಟಿಸಿ ಕೇಂದ್ರಕ್ಕೆ. ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಪರೀಕ್ಷೆಗೆ ಮೊದಲು ಒಮ್ಮೆ, ರಿಪೋರ್ಟ್ ಬಂದ ಮೇಲೆ ಒಮ್ಮೆ ಕೂತು ಮಾತಾಡುವುದು ಕಾಗದದ ಮೇಲಿನ ಕೆಲಸ. ಆದರೆ ತಾಲ್ಲೂಕು ಆಸ್ಪತ್ರೆಯ ಒಂದು ಬಾಗಿಲ ಮೇಲೆ ‘ಆಪ್ತ ಸಮಾಲೋಚಕರು’ ಎಂದು ಬರೆದ ಮೇಲೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಗಂಡನ ಕುಡಿತ ಬಿಡಿಸಬೇಕೆನ್ನುವವರು, ಮಗ ಮೊಬೈಲ್ ಬಿಡುತ್ತಿಲ್ಲ ಎನ್ನುವವರು, ಮದುವೆಯಾಗಿ ಆರು ತಿಂಗಳಿಗೇ ತವರಿಗೆ ಬಂದು ಕೂತವರು. ಸಿಇಟಿ ಸೀಟಿನ ಕೌನ್ಸೆಲಿಂಗ್ ಇಲ್ಲೇನಾ ಎಂದು ಮಾರ್ಕ್ಸ್ ಕಾರ್ಡ್ ಹಿಡಿದು ಬಂದ ಹುಡುಗನೂ ಒಬ್ಬನಿದ್ದ. ಅವನನ್ನೂ ಕೂಡಿಸಿ, ನೀರು ಕೊಟ್ಟು, ಎಲ್ಲಿಗೆ ಹೋಗಬೇಕೆಂದು ಹೇಳಿ ಕಳಿಸಿದೆ.

ವಾರ್ಡಿಗೆ ಹೋದೆ. ಬೆಡ್ಡಿನ ಸುತ್ತ ಮನೆಯವರು ನಿಂತಿದ್ದರು. ನನ್ನನ್ನು ನೋಡಿದ ಕೂಡಲೇ ರೋಗಿಯ ತಮ್ಮ ಮುಂದೆ ಬಂದ.

“ಮೇಡಂ, ನಮ್ಮಣ್ಣಗ ಸ್ವಲ್ಪ ಬುದ್ಧಿ ಹೇಳ್ರಿ. ಎರಡು ಹೆಣ್ಣು ಮಕ್ಕಳವ. ಹಿಂಗ ಮಾಡ್ಕೊಂಡ್ರ ಹ್ಯಾಂಗ?”

ಇನ್ನೂ ನಾನು ಏನೂ ಕೇಳಿಲ್ಲ, ಆಗಲೇ ಹೆಂಡತಿ ಶುರು ಮಾಡಿದರು. “ಬೇಕಂತ ಕುಡ್ದಿಲ್ರಿ ಮೇಡಂ. ಕತ್ತಲದಾಗ ನೀರಂತ ತಿಳ್ಕೊಂಡು ಕುಡ್ದಾರ.” ಆಮೇಲೆ ದನಿ ತಗ್ಗಿಸಿ, “ಕೇಸ್ ಆಗ್ತದೇನ್ರಿ?”

ಈ ಭಯ ನಾನು ಪ್ರತಿ ಸಲ ನೋಡಿದ್ದೇನೆ. ವಿಷ ಕುಡಿದವರು ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಎಂಎಲ್‌ಸಿ, ಅಂದರೆ ಕಾನೂನಿಗೆ ಬೇಕಾದ ವೈದ್ಯಕೀಯ ದಾಖಲೆ, ಬರೆಯುತ್ತಾರೆ. ಪೊಲೀಸರು ಬಂದು ಹೇಳಿಕೆ ತಗೊಳ್ಳುತ್ತಾರೆ. ಅದನ್ನು ನೋಡಿ ಮನೆಯವರು ಜೈಲೇ ಆಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಎಲ್ಲರ ಮನೆಯಲ್ಲೂ ಕತ್ತಲಲ್ಲಿ ನೀರೆಂದು ಕುಡಿದ ಕಥೆಯೇ. ಆ ಕಥೆ ಒಮ್ಮೆ ಹೇಳಿದರೆ ಮುಗಿಯಿತು, ನಿಜವಾದ ಮಾತಿಗೆ ಜಾಗವೇ ಇರುವುದಿಲ್ಲ. ನಾನು ಆ ಅಕ್ಕನನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಜೀವ ಕಳಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅವರ ಮೇಲೆ ವಿಚಾರಣೆಯಿಲ್ಲ, ಶಿಕ್ಷೆಯಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ. ಆಗಿನ್ನೂ ಹಳೆಯ ದಂಡ ಸಂಹಿತೆಯ 309ನೇ ಕಲಂ ಪುಸ್ತಕದಲ್ಲಿತ್ತು. 2024ರ ಜುಲೈನಲ್ಲಿ ಹೊಸ ಕಾನೂನು ಬಂದಾಗ ಆ ಕಲಂ ಹೋಯಿತು. ಆಸ್ಪತ್ರೆಗಳ ಗೋಡೆಯ ಮೇಲೆ ಎಷ್ಟೋ ಬೋರ್ಡುಗಳಿರುತ್ತವೆ. ಈ ಒಂದು ಮಾತನ್ನೂ ದೊಡ್ಡದಾಗಿ ಬರೆಸಬೇಕು ಎನ್ನುವುದು ನನ್ನ ಬಹಳ ದಿನದ ಆಸೆ.

ಅಷ್ಟರಲ್ಲಿ ರೋಗಿಯ ತಾಯಿ ನನ್ನ ಕೈ ಹಿಡಿದು ಕೇಳಿದರು. “ನೀ ಯಾ ಊರಾಕಿ ಯವ್ವ? ಯಾರ ಪೈಕಿ?”

ಊರು ಹೇಳಿದೆ. ‘ಪೈಕಿ’ ಹೇಳಲಿಲ್ಲ. ಅದನ್ನು ಹೇಳಿದರೆ ನನ್ನ ಮುಂದೆ ಯಾವ ಮಾತು ಆಡಬಹುದು, ಯಾವುದು ಆಡಬಾರದು ಎಂದು ಲೆಕ್ಕ ಶುರುವಾಗುತ್ತದೆ. ಅಜ್ಜಿಗೆ ಬೇಜಾರಾಗಬಾರದೆಂದು ಅವರ ಪಕ್ಕದಲ್ಲಿ ಎರಡು ನಿಮಿಷ ಕೂತೆ.

ಈಗ ಮಾತಾಡಲು ಜಾಗ ಬೇಕು. ನನ್ನ ಕೋಣೆಯ ಅರ್ಧ ಭಾಗ ಲ್ಯಾಬಿನದು, ನಡುವೆ ಒಂದು ಪರದೆ. ಆ ಕಡೆ ರಕ್ತ ತೆಗೆಯುತ್ತಿದ್ದರೆ ಈ ಕಡೆ ಯಾರಾದರೂ ಅಳುತ್ತಿರುತ್ತಾರೆ. ಪರದೆಯ ಆಚೆ ಇರುವವರು ರೋಗಿಯ ಸೋದರ ಮಾವನ ಮಗನೂ ಆಗಿರಬಹುದು. ತಾಲ್ಲೂಕು ಅಂದರೆ ಹಾಗೆಯೇ ಅಲ್ವಾ, ಯಾರಿಗೆ ಯಾರೋ ಬೀಗರು. ಗುಟ್ಟು ಕಾಯುವುದು ಈ ಕೆಲಸದ ಮೊದಲ ಪಾಠ. ಆದರೆ ಗುಟ್ಟು ಕಾಯಲು ಮೊದಲು ಒಂದು ಬಾಗಿಲು ಬೇಕು. ಅವರು ನಡೆಯುವಷ್ಟು ಸುಧಾರಿಸಿದ್ದರು. ಆಸ್ಪತ್ರೆ ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಪರ್ಸಿ ಕಲ್ಲಿನ ಕಟ್ಟೆ, ಎದುರಿಗೆ ಬೇವಿನ ಮರ.

ಮೊದಲು ಹೇಳಬೇಕಾದ್ದನ್ನು ಹೇಳಿದೆ. “ಅಣ್ಣಾ, ನೀವು ಹೇಳಿದ್ದು ನನ್ನ ಹಂತೇಲಿ ಇರ್ತದ. ಮನಿಯವರಿಗೂ ಹೇಳಂಗಿಲ್ಲ. ಆದ್ರ ನಿಮ್ಮ ಜೀವಕ್ಕ ಅಪಾಯ ಅದ ಅನಿಸಿದ್ರ ಮಾತ್ರ ಹೇಳ್ಬೇಕಾಗ್ತದ. ಅದನ್ನೂ ನಿಮಗ ತಿಳಿಸೇ ಹೇಳ್ತೀನಿ.”

ಅವರು ತಲೆಯಾಡಿಸಿದರು. ಇಲ್ಲಿಯವರೆಗೆ ಸರಿ ಇತ್ತು. ಆಮೇಲೆ ತಪ್ಪಿದೆ. ಗಡಿಯಾರ ನೋಡಿದೆ, ಒಂದಕ್ಕೆ ಹತ್ತು ನಿಮಿಷ. ಎರಡಕ್ಕೆ ಡಿಸ್ಚಾರ್ಜ್. ತಮ್ಮ ಹೇಳಿದ ಮಾತು ಕಿವಿಯಲ್ಲಿತ್ತು.

“ಮಕ್ಕಳ ಮುಖ ನೋಡಿ ಆದ್ರೂ ಧೈರ್ಯ ತಗೋಬೇಕಲ್ರಿ ಅಣ್ಣಾ” ಅಂದುಬಿಟ್ಟೆ.

“ಹೌದ್ರಿ ಮೇಡಂ. ತಪ್ಪಾಯ್ತು” ಅಂದರು. ಎರಡೂ ಕೈ ಮುಗಿದರು. ಠಾಣೆಯಲ್ಲಿ ಸಾಹೇಬರ ಮುಂದೆ ಹೇಳುವ ಹಾಗೆ.

ಆ ಕೈ ಮುಗಿದದ್ದು ನನಗೆ ಈಗಲೂ ಮರೆಯಲು ಆಗಿಲ್ಲ. ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವಾಗ ನಮಗೆ ಮೂರು ಕುರ್ಚಿಯ ಒಂದು ಅಭ್ಯಾಸ ಇತ್ತು. ಒಬ್ಬರು ತಮ್ಮ ಕಷ್ಟ ಹೇಳಬೇಕು, ಒಬ್ಬರು ಕೇಳಬೇಕು, ಮೂರನೆಯವರು ಇಬ್ಬರನ್ನೂ ನೋಡುತ್ತ ಬರೆದುಕೊಳ್ಳಬೇಕು. ಕೇಳುವವರು ಹತ್ತು ನಿಮಿಷ ಒಂದೂ ಸಲಹೆ ಕೊಡಬಾರದು. ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬಹುದು, ಪ್ರಶ್ನೆ ಕೇಳಬಹುದು, ಸುಮ್ನೆ ಇರಬಹುದು, ಅಷ್ಟೇ. ಸುಲಭ ಅನ್ನಿಸಿತ್ತು. ಎರಡನೇ ನಿಮಿಷಕ್ಕೇ ನಾನು ಗೆಳತಿಗೆ “ನೀನು ಹೀಗೆ ಮಾಡು” ಎಂದಿದ್ದೆ. ಮೂರನೇ ಕುರ್ಚಿಯಲ್ಲಿದ್ದವಳು ಅದನ್ನು ಬರೆದುಕೊಂಡಳು. ಆ ಅಭ್ಯಾಸವನ್ನು ಎಷ್ಟು ಸಲ ಮಾಡಿದೆವೋ ಲೆಕ್ಕವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ ಮೂರು ಗುಣಗಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಒಳಗೊಂದು ಹೊರಗೊಂದು ಇಲ್ಲದೆ ಇರುವುದು, ಎದುರಿನವರನ್ನು ಷರತ್ತಿಲ್ಲದೆ ಒಪ್ಪುವುದು, ಅವರ ಜಾಗದಲ್ಲಿ ನಿಂತು ನೋಡುವುದು. 1957ರಲ್ಲಿ ಅವರು ಬರೆದದ್ದು ಇಂದಿಗೂ ನಮ್ಮ ಓದಿನ ಬುನಾದಿ. ಆದರೆ ಮನೆಯವರು ಬಾಗಿಲಲ್ಲಿ ನಿಂತು ಬುದ್ಧಿ ಹೇಳ್ರಿ ಎನ್ನುವಾಗ, ಗಡಿಯಾರ ಓಡುವಾಗ, ಮೊದಲು ಬಾಯಿಗೆ ಬರುವುದು ಬುದ್ಧಿವಾದವೇ. ಹುಟ್ಟಿದಾಗಿನಿಂದ ನಾವೆಲ್ಲ ಕೇಳಿ ಬೆಳೆದದ್ದು ಅದೇ ತಾನೆ.

ನಾನು ಸುಮ್ಮನಾದೆ. ಅವರೂ ಸುಮ್ಮನಿದ್ದರು. ನಲ್ಲಿಯ ಹತ್ತಿರ ಯಾರೋ ಊಟದ ಡಬ್ಬಿ ತೊಳೆಯುತ್ತಿದ್ದರು. ಐದು ನಿಮಿಷ ಆಗಿರಬೇಕು. ಮೌನದಲ್ಲಿ ಕೂರುವುದಕ್ಕೂ ತರಬೇತಿ ಬೇಕು. ಏನಾದರೂ ಹೇಳಿ ಅದನ್ನು ತುಂಬಬೇಕು ಅನಿಸುತ್ತಲೇ ಇರುತ್ತದೆ. ಅವರ ಪಾದ ನೋಡಿದೆ. ಮೂರು ದಿನ ಆಸ್ಪತ್ರೆಯಲ್ಲಿದ್ದರೂ ಹಿಮ್ಮಡಿಯ ಬಿರುಕಿನಲ್ಲಿ ಎರೆ ಮಣ್ಣು ಹಾಗೇ ಇತ್ತು.

“ಈ ಸಲ ತೊಗರಿ ಹ್ಯಾಂಗದರಿ ಅಣ್ಣಾ?”

“ಎಲ್ಲಿ ತೊಗರಿ ಮೇಡಂ? ನಿಂತಲ್ಲೇ ಒಣಗ್ಯಾದ.”

ಆ ವರ್ಷ ನಮ್ಮ ಕಡೆಯ ಯಾವ ರೈತರನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು. ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಗಿಡದ ಒಳಗೆ ಹತ್ತುತ್ತದೆ, ನೀರು ಮೇಲೆ ಏರಲು ಬಿಡುವುದಿಲ್ಲ. ಗಿಡ ಹೂ ಬಿಟ್ಟು, ಕಾಯಿ ಕಟ್ಟುವ ಹೊತ್ತಿಗೆ ಒಣಗುತ್ತದೆ. ಬಿತ್ತನೆ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ, ಕಳೆ ಕೂಲಿ ಎಲ್ಲ ಖರ್ಚೂ ಮುಗಿದ ಮೇಲೆ.

“ನಮ್ಮಪ್ಪನ ಹೊಲದಾಗೂ ಅರ್ಧ ಹೋಗ್ಯಾದ್ರಿ” ಅಂದೆ.

ಆಗ ಮೊದಲ ಸಲ ಅವರು ನನ್ನ ಮುಖ ನೋಡಿದರು. “ನಿಮ್ಮಪ್ಪಂದೂ ತೊಗರಿನಾ?”

ಆಮೇಲೆ ಮುಕ್ಕಾಲು ತಾಸು ಅವರೇ ಮಾತಾಡಿದರು. ಸ್ವಂತದ್ದು ನಾಲ್ಕು ಎಕರೆ, ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿಕೊಂಡದ್ದು ನಾಲ್ಕು. ಹೆಂಡತಿಯ ಹೆಸರಲ್ಲಿ ಸಂಘದ ಸಾಲ, ಅದು ಅವರಿಗೆ ಗೊತ್ತು. ಕಾಳು ಮಾರಿಸುವ ದಲಾಲಿಯ ಅಡತಿ ಅಂಗಡಿಯಲ್ಲಿ ಎರಡೂವರೆ ಲಕ್ಷ, ಅದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೊಲದ ಕಡೆ ಕಾಲಿಡದೆ ತಿಂಗಳಾಗಿತ್ತು. ವಿಷ ಕುಡಿದ ದಿನ ಬೆಳಿಗ್ಗೆ ದೊಡ್ಡ ಮಗಳಿಗೆ ನೋಟ್‌ಬುಕ್ ಕೊಡಿಸಲು ಪೇಟೆಗೆ ಹೋಗಿದ್ದರು. ಮಗಳಿಗೆ ಹಸಿವು ಅಂತ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಅಡತಿಯವನು ಎದುರಾದ.

“ಸಾಲಕ್ಕಲ್ರಿ ಮೇಡಂ. ಸಾಲ ಯಾರಿಗಿಲ್ಲ? ಹೋಟೆಲ್ ತುಂಬ ಮಂದಿ ಕುಂತಿದ್ರು. ಅವ ಕೇಳಬಾರದ ಮಾತು ಕೇಳ್ದ. ಮಗಳು ಬಾಜೂಕ ಇದ್ಲು. ನನ್ನ ಮಾರಿ ನೋಡ್ಲಿಲ್ರಿ ಆಕಿ. ತಾಟ ನೋಡ್ಕೋತ ಕುಂತ್ಲು.”

ಮಕ್ಕಳ ಮುಖ ನೋಡಿ ಧೈರ್ಯ ತಗೊಳ್ಳಿ ಎಂದು ನಾನು ಹೇಳಿದ್ದು ಇವರಿಗೆ. ಯಾವ ಮುಖ ನೋಡಲಾಗದೆ ಅವರು ಆ ರಾತ್ರಿ ಹಾಗೆ ಮಾಡಿದರೋ ಅದನ್ನೇ ನೋಡಿ ಎಂದಿದ್ದೆ. ಬೇರೆಯವರ ಗಾಯ ಎಲ್ಲಿದೆ ಎಂದು ತಿಳಿಯುವ ಮೊದಲೇ ಕೈ ಇಡಬಾರದು ಎನ್ನುವುದು ನನಗೆ ಅರ್ಥವಾದದ್ದು ಆ ಕಟ್ಟೆಯ ಮೇಲೆ. “ನಾನು ಮೊದಲು ಹೇಳಿದ ಮಾತು ತಪ್ಪಾಯ್ತು ಅಣ್ಣಾ” ಎಂದೆ. ಅವರು ಏನೂ ಹೇಳಲಿಲ್ಲ, ಕಣ್ಣೊರೆಸಿಕೊಂಡರು.

ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. “ಈಗೂ ಸಾಯ್ಬೇಕು ಅನಿಸ್ತದೇನ್ರಿ?”

ಮನೆಯವರು ಈ ಪ್ರಶ್ನೆಗೆ ಬಹಳ ಹೆದರುತ್ತಾರೆ. ಮರೆತದ್ದನ್ನು ಯಾಕೆ ನೆನಪಿಸುವುದು ಎನ್ನುತ್ತಾರೆ. ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮೊದಲೇ ಒಳಗೆ ಇದ್ದರೆ ಹೊರಗೆ ಬರಲು ದಾರಿ ಸಿಗುತ್ತದೆ, ಭಾರ ಇಳಿಯುತ್ತದೆ. ನಮಗೆ ಕಲಿಸಿದ್ದು ಇದೇ, ಅನುಭವವೂ ಇದೇ.

“ನಿನ್ನೆ ರಾತ್ರಿ ಅನಿಸಿತ್ರಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಈಗ ಗೊತ್ತಿಲ್ಲ.”

ಇಂಥ ಉತ್ತರ ಬಂದ ಮೇಲೆ ಎರಡು ಗಂಟೆಗೆ ಮನೆಗೆ ಕಳಿಸಲು ಆಗುವುದಿಲ್ಲ. ಡಾಕ್ಟರ ಹತ್ತಿರ ಓಡಿದೆ. ಬೆಡ್ ಸಾಲದು, ಹೊಟ್ಟೆ ಕ್ಲೀನ್ ಆಗಿದೆ, ಇನ್ನೇನು ಎಂದರು. ನಾಳೆ ಮಂಗಳವಾರ, ಮನೋಚೈತನ್ಯ ಕ್ಲಿನಿಕ್ಕಿಗೆ ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ, ಅಲ್ಲಿಯವರೆಗೆ ಇಟ್ಟುಕೊಳ್ಳಿ ಎಂದು ಕೇಳಿಕೊಂಡೆ. ನಿನ್ನೆ ರಾತ್ರಿ ಎನ್ನುವ ಮಾತು ಕೇಳಿದ ಮೇಲೆ ಅವರು ಮರುಮಾತಾಡದೆ ಡಿಸ್ಚಾರ್ಜ್ ಚೀಟಿ ತೆಗೆದಿಟ್ಟರು. ನಾನು ಮನೋವೈದ್ಯಳಲ್ಲ, ಗುಳಿಗೆ ಬರೆಯುವ ಹಾಗಿಲ್ಲ. ಯಾರಿಗೆ ನನ್ನ ಮಾತಷ್ಟೇ ಸಾಲದು ಎಂದು ಗುರುತಿಸಿ ಮುಂದೆ ಕಳಿಸುವುದು ನನ್ನ ಕೆಲಸದ ದೊಡ್ಡ ಭಾಗ. ಸಾಮಾನ್ಯ ಆಸ್ಪತ್ರೆಗಳಲ್ಲೇ ಮನಸ್ಸಿನ ಚಿಕಿತ್ಸೆ ಸಿಗುವಂತೆ ಮಾಡಬಹುದು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಅದನ್ನು ನೋಡಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆ ಮಂಗಳವಾರ ಇಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ.

ಅಡತಿ ಸಾಲದ ಮಾತನ್ನು ಹೆಂಡತಿಗೆ ಹೇಳಬೇಡಿ ಎಂದು ಅವರು ಕೇಳಿಕೊಂಡಿದ್ದರು. ಹೇಳುವುದಿಲ್ಲ ಎಂದೆ. ಆದರೆ ರಾತ್ರಿ ಬಂದ ಯೋಚನೆಯನ್ನು ಮನೆಯವರಿಗೆ ತಿಳಿಸಲೇಬೇಕು, ನೀವೇ ಹೇಳುತ್ತೀರಾ, ನಾನು ಪಕ್ಕದಲ್ಲಿರಲಾ ಎಂದು ಕೇಳಿದೆ. ಹೆಂಡತಿಯನ್ನು ಕರೆದರು. ರಾತ್ರಿಯ ಮಾತು ಹೇಳಲು ಹೋಗಿ, ಅಡತಿಯ ಎರಡೂವರೆ ಲಕ್ಷದ್ದೇ ಹೇಳಿಬಿಟ್ಟರು. ಆ ಅಕ್ಕ ಅಳುತ್ತಾರೆ, ಬೈಯುತ್ತಾರೆ ಅಂದುಕೊಂಡೆ. “ಇಷ್ಟೇನಾ?” ಎಂದರು. “ನಾ ಬ್ಯಾರೇನೋ ತಿಳ್ದಿದ್ದೆ.” ಆಮೇಲೆ ಅತ್ತರು.

ತಮ್ಮನನ್ನೂ ಕೂಡಿಸಿ ಮುಂದಿನ ವಾರದ ಯೋಜನೆ ಮಾಡಿದೆವು. ಮನೆಯಲ್ಲಿರುವ ಬೆಳೆಗೆ ಹೊಡೆಯುವ ಎಣ್ಣೆಯೆಲ್ಲ ಇವತ್ತೇ ತಮ್ಮನ ಮನೆಗೆ ಹೋಗಬೇಕು, ಬೀಗ ಹಾಕಿ ಕೀಲಿ ಅವನ ಹತ್ತಿರ ಇರಬೇಕು. ರಾತ್ರಿ ಒಬ್ಬರೇ ಮಲಗಬಾರದು. ಯೋಚನೆ ಬಂದರೆ ಮೊದಲು ಹೆಂಡತಿಯನ್ನು ಎಬ್ಬಿಸಬೇಕು. ಆಮೇಲೆ 14416. ಮನಸ್ಸಿನ ಕಷ್ಟಕ್ಕೆಂದು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮನಸ್ ಶುರುವಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ನಂಬರ್ ಅದು. ಹಗಲು ರಾತ್ರಿ ಯಾವಾಗ ಹಚ್ಚಿದರೂ ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ‘ಅಕ್ಕ’ ಎನ್ನುವ ಹೆಸರಲ್ಲಿ ಸೇವ್ ಮಾಡಿಕೊಂಡರು. ಪೈರಿನ ಸರ್ವೆಗೆ ಅರ್ಜಿ ಏನಾಗಿದೆ ಎಂದು ಕೇಳಲು ತಮ್ಮನೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದು ಎಂದಾಯಿತು. ಸಾಲ ಮನ್ನಾ ಮಾಡುವ ಶಕ್ತಿ ಯಾವ ಸಮಾಲೋಚಕರಿಗೂ ಇಲ್ಲ. ಹೊಲ ಒಣಗಿದ ಮನುಷ್ಯನಿಗೆ ಸಕಾರಾತ್ಮಕವಾಗಿ ಯೋಚಿಸಿ ಎಂದು ಹೇಳಿ ಕಳಿಸುವುದು ನನಗೆ ಅನ್ಯಾಯ ಅನಿಸುತ್ತದೆ.

ತಾಯಿ ಕೇಳಿದರು, “ಗಾಣಗಾಪುರಕ್ಕ ಕರ್ಕೊಂಡು ಹೋಗಿ ಬರ್ಲ್ಯಾ ಯವ್ವ?” ಹೋಗಿ ಬರ್ರಿ ಅಮ್ಮಾ, ಗುಳಿಗೆ ಮಾತ್ರ ತಪ್ಪಿಸಬೇಡ್ರಿ ಎಂದೆ. ದೇವರ ಮೇಲಿನ ನಂಬಿಕೆಯೂ ಬದುಕಿನ ಕಡೆಗೆ ಎಳೆಯುವ ಒಂದು ಹಗ್ಗ. ಅದನ್ನು ಬಿಡಿಸುವುದು ನನ್ನ ಕೆಲಸವಲ್ಲ.

ಸಂಜೆ ಕಲಬುರಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಧ್ಯಾಹ್ನದ ರೊಟ್ಟಿ ಬುತ್ತಿ ಹಾಗೇ ಇತ್ತು. ಎರಡೂ ಕಡೆ ಒಣಗಿದ ತೊಗರಿ ಹೊಲ. ನಮ್ಮ ಕೆಲಸದಲ್ಲಿ ಕೇಳಿದ್ದು ಮೈಯಲ್ಲಿ ಉಳಿಯುತ್ತದೆ. ಆದ್ದರಿಂದಲೇ ಸಮಾಲೋಚಕರಿಗೂ ಒಬ್ಬ ಹಿರಿಯರು ಬೇಕು, ರೋಗಿಯ ಗುರುತು ಬಿಟ್ಟುಕೊಡದೆ ಆ ದಿನದ ಮಾತನ್ನು ಅವರ ಮುಂದೆ ಇಟ್ಟು ತಪ್ಪು ಸರಿ ನೋಡಿಕೊಳ್ಳಬೇಕು. ಪುಸ್ತಕದಲ್ಲಿ ಅದು ತಪ್ಪದೆ ಇರುತ್ತದೆ. ನನಗೆ ಅಂಥ ಏರ್ಪಾಡು ಇರಲಿಲ್ಲ. ವರ್ಷ ವರ್ಷ ನವೀಕರಿಸುವ ಗುತ್ತಿಗೆ ಕೆಲಸ, ತಿಂಗಳ ಕೊನೆಗೆ ಎಷ್ಟು ಜನಕ್ಕೆ ಕೌನ್ಸೆಲಿಂಗ್ ಆಯಿತು ಎನ್ನುವ ಸಂಖ್ಯೆ ಕಳಿಸಬೇಕು. ಏಳನೇ ಬೆಡ್ಡಿನ ಎರಡು ತಾಸೂ ಒಂದೇ, ಕರಪತ್ರ ಕೊಟ್ಟ ಎರಡು ನಿಮಿಷವೂ ಒಂದೇ. ಇನ್ನು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ 1992ರ ಕಾಯ್ದೆಯ ಪುನರ್ವಸತಿ ಮಂಡಳಿಯ ನೋಂದಣಿ ಇದೆ. ಸಮಾಲೋಚಕರನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದ್ದು 2021ರ ಕಾಯ್ದೆ. ಅಲ್ಲಿಯವರೆಗೆ ಎರಡು ದಿನದ ಶಿಬಿರ ಮುಗಿಸಿದವರೂ ಕೌನ್ಸೆಲರ್ ಎಂದು ಬೋರ್ಡು ಹಾಕಬಹುದಿತ್ತು, ಹಾಕಿಯೂ ಇದ್ದರು. ಎರಡು ವರ್ಷ ಓದಿದ ನಾನೇ ಅವತ್ತು ಹೇಗೆ ಎಡವಿದೆ ಎಂದು ನೆನೆದರೆ ಆ ಬೋರ್ಡುಗಳು ನನ್ನನ್ನು ಹೆದರಿಸುತ್ತವೆ.

ನನಗೆ ಪಾಠ ಮಾಡಿದ ಮೇಡಂ ಒಬ್ಬರಿದ್ದಾರೆ. ಇಂಥ ದಿನಗಳಲ್ಲಿ ಅವರಿಗೆ ಫೋನ್ ಮಾಡುತ್ತೇನೆ. ಯಾವ ಸಂಬಳವೂ ಇಲ್ಲದೆ ಅವರು ಕೇಳುತ್ತಾರೆ. ಮಕ್ಕಳ ಮುಖದ ಮಾತು ಹೇಳಿದೆ. “ತಪ್ಪು ಅಂತ ಅವರ ಮುಂದೇನೇ ಒಪ್ಕೊಂಡಿಯಲ್ಲ, ಛಲೋ ಆಯ್ತು” ಅಂದರು. ಆಮೇಲೆ ಕೇಳಿದರು. “ನಿಮ್ಮಪ್ಪನ ಹೊಲದ ಮಾತು ಯಾರ ಸಲುವಾಗಿ ಹೇಳ್ದಿ? ಅವರ ಸಲುವಾಗೋ, ನಿನ್ನ ಸಲುವಾಗೋ?”

ನಮ್ಮ ಸ್ವಂತ ಕಥೆ ಹೇಳಬಾರದು ಎನ್ನುವ ಕಟ್ಟುನಿಟ್ಟೇನಿಲ್ಲ. ಆದರೆ ಹೇಳಿದ ಮೇಲೆ ಎದುರಿನವರು ನಮ್ಮನ್ನು ಸಮಾಧಾನ ಮಾಡುವಂತೆ ಆಗಬಾರದು. ಅವರ ಸಲುವಾಗಿ ಎಂದೆ. ಫೋನ್ ಇಟ್ಟ ಮೇಲೆ ಅದು ಪೂರ್ತಿ ನಿಜ ಅಲ್ಲ ಅನಿಸಿತು. ಆ ಹೊಲದ ಬಗ್ಗೆ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅಪ್ಪನನ್ನೂ ಕೇಳಿರಲಿಲ್ಲ.

ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಇಳಿದು, ರಸ್ತೆ ಪಕ್ಕ ನಿಂತೇ ಅಪ್ಪನಿಗೆ ಫೋನ್ ಹಚ್ಚಿದೆ. “ಅಪ್ಪಾ, ಸಾಲ ಎಷ್ಟದ?” “ಅದ್ಯಾಕ್ ಈಗ? ಉಂಡಿ ಇಲ್ಲ?” ಎಂದ. “ಹೇಳು” ಎಂದೆ. ಬಹಳ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಆಮೇಲೆ ಹೇಳಿದ.

ಮರುದಿನ ಮನೋವೈದ್ಯರು ಏಳನೇ ಬೆಡ್ಡಿನವರನ್ನು ನೋಡಿ ಗುಳಿಗೆ ಬರೆದರು. ಮುಂದಿನ ಮಂಗಳವಾರ ಅವರು ಬಂದರು. ಅದರ ಮುಂದಿನ ಮಂಗಳವಾರ ಬರಲಿಲ್ಲ. ಫೋನ್ ಸ್ವಿಚ್ ಆಫ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಮ್ಮನಿಗೆ ಹಚ್ಚಿದರೆ, ಅಣ್ಣ ಗಾಣಗಾಪುರಕ್ಕೆ ಹೋಗಿದ್ದಾನೆ, ಫೋನ್ ಚಾರ್ಜ್ ಇಲ್ಲ ಎಂದ. ನೆಟೆ ರೋಗಕ್ಕೆ ಸರ್ಕಾರ ಪರಿಹಾರ ಘೋಷಿಸಿದ್ದು ಆಮೇಲೆ, 2023ರಲ್ಲಿ. ಲಾವಣಿ ಹೊಲದ ಪಹಣಿ ಅವರ ಹೆಸರಲ್ಲಿ ಇರಲಿಲ್ಲ, ಅದರದ್ದು ಅವರಿಗೆ ಸಿಗಲಿಲ್ಲ.

ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ಚರಗ, ಅಂದರೆ ನೈವೇದ್ಯ, ಚೆಲ್ಲುವ ಎಳ್ಳಮಾಸೆ ಹಬ್ಬ ಮುಗಿದ ಮರುದಿನ ಅವರದೇ ಫೋನ್ ಬಂತು. ಪು‍ಣೆಗೆ ದುಡಿಯಲು ಹೋಗುತ್ತೇನೆ, ಗುಳಿಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೇಳಿದೆ. ನಿದ್ದೆ ಹೇಗಿದೆ ಎಂದು ಕೇಳಿದೆ.

“ನಾಲ್ಕು ತಾಸು ಬರ್ತದ್ರಿ. ನಿನ್ನಿ ಹೊಲಕ್ಕ ಹೋಗಿದ್ವಿ ಮೇಡಂ. ಚರಗ ಚೆಲ್ಲಿದ್ವಿ.”

“ಯಾರ್ಯಾರು ಹೋಗಿದ್ರಿ?”

“ಎಲ್ಲಾರೂ. ದೊಡ್ಡಾಕಿನೂ ಬಂದಿದ್ಲು.” ಸ್ವಲ್ಪ ತಡೆದು ಕೇಳಿದರು. “ನಿಮ್ಮಪ್ಪಂದು ಎಷ್ಟು ಚೀಲ ಆಗ್ಬಹುದ್ರಿ?”

“ಮೂರು ಆದ್ರ ಆಯ್ತ್ರಿ ಅಣ್ಣಾ.”

“ಹುಂ” ಎಂದರು. “ಅವರಿಗೂ ಆಗಾಗ ಫೋನ್ ಮಾಡ್ರಿ ಮೇಡಂ.”

ಮಾಡುತ್ತಿದ್ದೇನೆ ಎಂದೆ. ರಿಜಿಸ್ಟರ್ ತೆಗೆದು ಅವರ ಹೆಸರಿನ ಮುಂದೆ ತಾರೀಕು ಹಾಕಿ ಬರೆದೆ. ಫೋನಿನಲ್ಲಿ ಮಾತಾಡಿದರು. ನಿದ್ದೆ ನಾಲ್ಕು ತಾಸು. ಹೊಲಕ್ಕೆ ಹೋಗಿದ್ದರು.